ಒಕವಾಂಗೊ ತುಂಬುವುದು ಜನವರಿಯಲ್ಲಲ್ಲ

"ಒಕವಾಂಗೊ ಡೆಲ್ಟಾ ನೋಡೋಕೆ ಬೋಟ್ಸ್ವಾನಾದ ಮಾವುನ್‌ಗೆ ಜನವರಿಯ ಮಳೆಗಾಲದಲ್ಲೇ ಹೋಗಿ, ಜುಲೈನಲ್ಲಿ ನೀರೇ ಇರಲ್ಲ" ಅನ್ನೋ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಒಕವಾಂಗೊ ಡೆಲ್ಟಾ, ಅಂದರೆ ಒಕವಾಂಗೊ ನದಿಯ ನೀರು ಹರಡಿಕೊಳ್ಳುವ ದೊಡ್ಡ ಜೌಗು ಪ್ರದೇಶ, ತುಂಬುವುದು ಮುಖ್ಯವಾಗಿ ಅಂಗೋಲಾದ ಎತ್ತರದ ಪ್ರದೇಶದಲ್ಲಿ ಬಿದ್ದ ಮಳೆಯಿಂದ. ಡೆಲ್ಟಾದ ನೆಲ ಹೆಚ್ಚುಕಮ್ಮಿ ಸಪಾಟು, ಮೇಲಾಗಿ ಜೊಂಡು, ಮರಳು, ಹಾಗಾಗಿ ಆ ನೀರು ತೆವಳುತ್ತಾ ಬಂದು ಮಾವುನ್ ಪಕ್ಕದ ಥಮಲಾಕಾನೆ ನದಿ ಮುಟ್ಟುವಷ್ಟರಲ್ಲಿ ಸಾಮಾನ್ಯವಾಗಿ ಜೂನ್, ಜುಲೈ ಆಗುತ್ತದೆ. ಅಂದರೆ ಅಲ್ಲಿ ಮಳೆಯೇ ಇಲ್ಲದ ಚಳಿಗಾಲ. ಉದ್ದನೆ ಕೋಲು ಊರಿ ನಡೆಸುವ ಮೊಕೊರೊ ದೋಣಿಯಲ್ಲಿ ಸುತ್ತಲು ಒಳ್ಳೆ ಸಮಯವೂ ಅದೇ. ಬೆಳಗ್ಗೆ ಚಳಿ ಜಾಸ್ತಿ, ಸ್ವೆಟರ್ ಬೇಕೇ ಬೇಕು. ಅಂಗೋಲಾದಲ್ಲಿ ಮಳೆ ಕೈಕೊಟ್ಟರೆ ಮಾತ್ರ ಕಷ್ಟ, 2019ರಲ್ಲಿ ಥಮಲಾಕಾನೆ ಒಣಗಿಯೇ ಹೋಗಿತ್ತು. ಬುಕ್ ಮಾಡುವ ಮುಂಚೆ ಆ ವರ್ಷದ ನೀರಿನ ಮಟ್ಟ ವಿಚಾರಿಸಿ. ಆ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.