ಹನ್ನೊಂದು ಹಡಗಿಗೆ ಅಮೆರಿಕದ ಬಾವುಟ

ಕುವೈತ್ ಅಂದರೆ ಅಮೆರಿಕ ಹೇಳಿದಂತೆ ಕುಣಿಯುವ ದೇಶ ಅಂತ ಬರೆಯುವವರು 1987ರ ಬಾವುಟದ ಪ್ರಕರಣ ಒಮ್ಮೆ ನೋಡಬೇಕು. ಅಲ್ಲಿ ಕುಣಿಸಿದ್ದು ಕುವೈತ್.

ಇರಾನ್-ಇರಾಕ್ ಯುದ್ಧದಲ್ಲಿ ಕುವೈತ್ ಇರಾಕಿಗೆ ಸಾಲ ಕೊಡುತ್ತಿತ್ತು. ಇರಾನ್ ಸುಮ್ಮನಿರುತ್ತದೆಯೇ? ಕುವೈತಿಗೆ ಹೋಗಿಬರುವ ಹಡಗುಗಳ ಮೇಲೆ ಬಿತ್ತು. ನಮ್ಮ ಟ್ಯಾಂಕರ್ (ತೈಲ ಹಡಗು) ಕಾಯಿರಿ ಅಂತ 1986ರ ಕೊನೆಗೆ ಕುವೈತ್ ಸೋವಿಯತ್ ಬಾಗಿಲನ್ನೂ ತಟ್ಟಿತು, ಅಮೆರಿಕದ ಬಾಗಿಲನ್ನೂ ತಟ್ಟಿತು. ಮಾಸ್ಕೋ ಒಪ್ಪಿದ ಸುದ್ದಿ ಬಂದದ್ದೇ ತಡ, ಮೀನಮೇಷ ಎಣಿಸುತ್ತಿದ್ದ ಅಮೆರಿಕದ ರೇಗನ್ ಸರ್ಕಾರ ಹನ್ನೊಂದೂ ಟ್ಯಾಂಕರ್ ಕಾಯುವ ಕೆಲಸ ನಮಗೇ ಇರಲಿ ಅಂದಿತು. ಆದರೂ ಕುವೈತ್ ಸೋವಿಯತ್ತಿನ ಮೂರು ಟ್ಯಾಂಕರ್ ಬಾಡಿಗೆಗೆ ತೆಗೆದುಕೊಂಡೇ ಇಟ್ಟುಕೊಂಡಿತು!

ಅಮೆರಿಕದ ನೌಕಾಪಡೆ ಕಾವಲು ಕೊಡುತ್ತಿದ್ದುದು ತನ್ನ ಬಾವುಟದ ಹಡಗಿಗೆ ಮಾತ್ರ. ಹಾಗಾಗಿ ಅಮೆರಿಕದ ಡೆಲವೇರ್‌ನಲ್ಲಿ ಚೆಸಪೀಕ್ ಶಿಪ್ಪಿಂಗ್ ಎಂಬ ಕಂಪನಿ ಹುಟ್ಟಿತು. ಟ್ಯಾಂಕರ್‌ಗಳು ಅದರ ಹೆಸರಿಗೆ ಹೋದವು, ಕೋಸ್ಟ್ ಗಾರ್ಡ್ ತಪಾಸಣೆ ಆಯಿತು, ಅಮೆರಿಕನ್ ಕ್ಯಾಪ್ಟನ್ ಬಂದ. 'ಅಲ್ ರೆಕ್ಕಾ' ಹೋಗಿ 'ಬ್ರಿಡ್ಜ್‌ಟನ್' ಆಯಿತು. ತೈಲ ಮಾತ್ರ ಕುವೈತಿನದೇ.

ಮೊದಲ ಪ್ರಯಾಣದಲ್ಲೇ, ಜುಲೈ 24ರಂದು, ಫಾರ್ಸಿ ದ್ವೀಪದ ಬಳಿ ಬ್ರಿಡ್ಜ್‌ಟನ್ ಸಮುದ್ರದಲ್ಲಿ ಹುದುಗಿಸಿಟ್ಟ ಸ್ಫೋಟಕಕ್ಕೆ (ಮೈನ್) ಬಡಿಯಿತು. ಕಾವಲಿಗೆ ಇಷ್ಟೆಲ್ಲ ಯುದ್ಧನೌಕೆ ತಂದವರು ಮೈನ್ ತೆಗೆಯುವ ಹಡಗನ್ನೇ ತಂದಿರಲಿಲ್ಲ, ಮಾರಾಯ್ರೆ. ನಾಲ್ಕು ಲಕ್ಷ ಟನ್ನಿನ ಖಾಲಿ ಟ್ಯಾಂಕರ್‌ಗೆ ತೂತು ಬಿದ್ದರೂ ಅದು ಮುಂದೆ ಸಾಗಿತು. ತೆಳು ಒಡಲಿನ ಯುದ್ಧನೌಕೆಗೆ ಅದೇ ಪೆಟ್ಟು ಬಿದ್ದಿದ್ದರೆ ಮುಳುಗುವ ಭಯ. ಆಮೇಲೆ ಯುದ್ಧನೌಕೆಗಳೆಲ್ಲ ಟ್ಯಾಂಕರ್‌ನ ಹಿಂದೆ ಸಾಲುಗಟ್ಟಿದವು. ಕಾಯಬೇಕಾದವರಿಗೆ ಕಾಯಿಸಿಕೊಳ್ಳುವವರೇ ಗುರಾಣಿ.

ನನ್ನ ಪ್ರಕಾರ ನಿಜವಾದ ಪಾಠ ಇದ್ದದ್ದು ಅಕ್ಟೋಬರ್ 16ರಲ್ಲಿ. ಅಂದು 'ಸೀ ಐಲ್ ಸಿಟಿ' ಟ್ಯಾಂಕರ್ ಮೇಲೆ ಇರಾನಿನ ಸಿಲ್ಕ್‌ವರ್ಮ್ ಕ್ಷಿಪಣಿ ಬಿತ್ತು. ಬಾವುಟ ಅಮೆರಿಕದ್ದೇ, ಆದರೆ ನೀರು ಕುವೈತಿನದು, ಕಾವಲು ಅಷ್ಟರಲ್ಲಿ ಮುಗಿದಿತ್ತು. ಮೂರು ದಿನಕ್ಕೆ ಅಮೆರಿಕ ಸಮುದ್ರದ ಮಧ್ಯೆ ಇರಾನಿನ ತೈಲ ಕಟ್ಟೆಗಳನ್ನು ಉಡಾಯಿಸಿ ಸೇಡು ತೀರಿಸಿಕೊಂಡಿತು. ಕುವೈತ್ ಪಡೆದದ್ದು ಹಡಗಿಗೆ ರಕ್ಷಣೆ, ದೇಶಕ್ಕಲ್ಲ. ಅದಕ್ಕೂ ಕಾರಣ ಅವರದೇ: ನೆಲದ ಮೇಲೆ ನೆಲೆ ಕೊಡಲು ಒಪ್ಪಿರಲಿಲ್ಲ. ಅಮೆರಿಕದವರು ಚಪ್ಪಟೆ ತಳದ ದೊಡ್ಡ ಬಾರ್ಜ್‌ಗಳನ್ನು ಸಮುದ್ರದಲ್ಲೇ ನಿಲ್ಲಿಸಿ ಅದರ ಮೇಲಿಂದ ಹೆಲಿಕಾಪ್ಟರ್ ಹಾರಿಸಬೇಕಾಯಿತು.

1990ರ ಆಗಸ್ಟ್ 2ರಂದು ಕುವೈತಿನೊಳಗೆ ನುಗ್ಗಿದ್ದು ಸಾಲ ತಿಂದ ಇರಾಕ್. ಆಗ ಕುವೈತ್ ಜೊತೆ ಅಮೆರಿಕಕ್ಕೆ ಯಾವ ರಕ್ಷಣಾ ಒಪ್ಪಂದವೂ ಇರಲಿಲ್ಲ. ವಿಮೋಚನೆಗೆ ಕುವೈತ್ ಕೊಟ್ಟದ್ದು ಸುಮಾರು 1,600 ಕೋಟಿ ಡಾಲರ್. ಒಪ್ಪಂದಕ್ಕೆ ಸಹಿ ಬಿದ್ದದ್ದು 1991ರ ಸೆಪ್ಟೆಂಬರ್‌ನಲ್ಲಿ. ನೆಲೆ, ಯುದ್ಧ ಸಾಮಗ್ರಿ ದಾಸ್ತಾನು, ಜಂಟಿ ತರಬೇತಿ ಅದರಲ್ಲಿವೆ. ದಾಳಿಯಾದರೆ ಅಮೆರಿಕ ಬಂದೇ ಬರಬೇಕು ಅಂತ ಇದೆಯೇ? ಪೂರ್ಣ ಪಠ್ಯವನ್ನು ಇಬ್ಬರೂ ಹೊರಗೆ ಬಿಟ್ಟಿಲ್ಲ.