ಪತ್ರಾದ ಹಿಂದಿನ ಇಸವಿ

ನಮ್ಮ ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಫಸ್ಟ್ ಗೇಟಿನಿಂದ ಸೆಕೆಂಡ್ ಗೇಟಿನವರೆಗೆ ಅಂಗಡಿಸಾಲು ನೋಡುತ್ತ ನಡೆದರೆ ನೂರು ವರ್ಷದ ಇತಿಹಾಸ ಕಾಣುತ್ತದೆ ಎಂದು ಪರಊರಿನ ಗೆಳೆಯನ ಮುಂದೆ ಜಂಬ ಕೊಚ್ಚಿದ್ದೆ. ನಡೆದೆವು. ಅಂಗಡಿಗಳ ಮುಖಕ್ಕೆ ಬಡಿದ ತಗಡಿನ ಹಲಗೆಗೆ ನಾವು ಪತ್ರಾ ಅನ್ನುತ್ತೇವೆ. ಒಂದು ಬೆಳ್ಳಿ ಬಣ್ಣದ ಪತ್ರಾ, ಒಂದು ಕೆಂಪು ಪತ್ರಾ, ಒಂದು ಕಡೆ ಪತ್ರಾದ ಮೇಲೆ ಇನ್ನೊಂದು ಪತ್ರಾ.

"ಇತಿಹಾಸ ಎಲ್ಲೈತೋ?"

"ಹಿಂದೈತಿ," ಅಂದೆ. ಸುಳ್ಳು ಹೇಳಲಿಲ್ಲ.

ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ, 1924ರದು, ನಡೆದದ್ದು ಈ ಟಿಳಕವಾಡಿಯಲ್ಲೇ. ಅದರ ನೆನಪಿಗೆ ಒಂದು ಬಾವಿ, ಒಂದು ರಸ್ತೆಯ ಹೆಸರು ಉಳಿದಿವೆ. ಬಾವಿಗೆ ಯಾರೂ ಇನ್ನೂ ಪತ್ರಾ ಹೊಡೆದಿಲ್ಲ. ಅಂಗಡಿಗಳಿಗೆ ಆ ಪುಣ್ಯ ಇಲ್ಲ. ಒಂದರ ಹಿಂದೆ ಮಂಗಳೂರು ಹೆಂಚಿನ ಇಳಿಜಾರು, ಸೂರಿನ ಅಂಚಿಗೆ ಮರದ ಜಾಲರಿ. ಅದರ ಮಗ್ಗುಲಿಗೆ ಹಡಗಿನ ಮೂತಿಯಂತೆ ದುಂಡಗೆ ತಿರುಗಿದ ಸಿಮೆಂಟಿನ ಸಜ್ಜಾ. ಅದರಾಚೆ ಎಂಜಿನಿಯರ್ ಇಲ್ಲದೆ ಗೌಂಡಿಯೇ ಕಟ್ಟಿದ ಆರ್‌ಸಿಸಿ ಡಬ್ಬಿ. ಅದಕ್ಕೂ ಒಂದು ಮರ್ಯಾದೆ ಇತ್ತು. ಈಗ ಎಲ್ಲಕ್ಕೂ ಒಂದೇ ಮುಖ. ನಾಲ್ಕು ಮಿಲಿಮೀಟರ್ ದಪ್ಪ: ಆಚೀಚೆ ಕಾಗದದಂಥ ಅಲ್ಯೂಮಿನಿಯಂ, ನಡುವೆ ಪ್ಲಾಸ್ಟಿಕ್ಕು. ಅವಲಕ್ಕಿ ಅಂಗಡಿ ಯಾವುದು, ದವಾಖಾನೆ ಯಾವುದು ಎಂದು ಮೂಗಿನಿಂದಲೇ ಗುರುತಿಸಬೇಕು.

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು ಬಂದಿದೆ. ಒಳ್ಳೆಯದೇ. ಗೋಡೆಯಲ್ಲಿ ಶೇ ಆರರಷ್ಟಾದರೂ ಗೋಡೆ ಕಾಣಬೇಕೆಂಬ ಕಾನೂನು ಮಾತ್ರ ಯಾರಿಗೂ ಹೊಳೆದಿಲ್ಲ.

ನಾನು ಬೆಲ್ಲ ಒಯ್ಯುವ ಕಿರಾಣಿ ಅಂಗಡಿಯ ನೆತ್ತಿಯ ಮೇಲೆ ಗಾರೆಯಲ್ಲಿ ಮೂಡಿಸಿದ ಎರಡು ನವಿಲು, ನಡುವೆ ಇಸವಿ ಇತ್ತು. ಒಂದು, ಒಂಬತ್ತು, ಮೂರು. ನಾಲ್ಕನೆಯ ಅಂಕಿಯನ್ನು ಅರಳಿ ಗಿಡ ನುಂಗಿತ್ತು. ಕಳೆದ ವರ್ಷ ಮಾಲಕರ ಮೊಮ್ಮಗ ಗಲ್ಲೆಯ ಮೇಲೆ ಕೂತ. ಗಿಡದ ರುಂಡ ಕತ್ತರಿಸಿ, ನವಿಲಿಗೂ ಇಸವಿಗೂ ಸೇರಿಸಿ ಪತ್ರಾ ಬಡಿಸಿದ. ಅದರ ಮೇಲೆ ಬಂಗಾರ ಬಣ್ಣದ ಸ್ಟಿಕ್ಕರಿನಲ್ಲಿ ಬರೆಸಿದ: 'ಪರಂಪರೆಯ ಹೆಮ್ಮೆ, 1932ರಿಂದ'.

"ಎರಡು ಹೆಂಗ ಗೊತ್ತಾತು?" ಎಂದೆ.

"ಎದುರಿನವ್ರು ಮೂವತ್ನಾಲ್ಕು ಅಂತ ಹಾಕ್ಯಾರ್ರಿ."

ಹಳೆಯ ಹೆಂಚು, ಸಾಗವಾನಿ ಕಂಬ ಗೋವಾ ಕಡೆಯ ಯಾವುದೋ ರೆಸಾರ್ಟಿಗೆ ಹೋದವು. ಇತ್ತ ಅದೇ ಸಾಲಿನಲ್ಲಿ ಒಂದು ಕೆಫೆ ತೆರೆದಿದೆ. ಗೋಡೆಗೆ ಇಟ್ಟಂಗಿ ಚಿತ್ರದ ಕಾಗದ, ಮೇಲೆ ಪ್ಲಾಸ್ಟಿಕ್ ಹೆಂಚು, ಮೂಲೆಯಲ್ಲಿ ಗಾಲಿ ತಿರುಗದ ಸೈಕಲ್ಲು. ಚಹಾಕ್ಕೆ ಎಂಬತ್ತು ರೂಪಾಯಿ. ಯಾಕೆಂದರೆ 'ಹಳೇ ಕಾಲದ ಫೀಲ್' ಕೊಡ್ತಾರಂತೆ. ಇನ್ನೊಂದು ಸೀರೆ ಅಂಗಡಿಯಲ್ಲಿ ಪಿಒಪಿ ಚಾವಣಿಗೆ ಕಮಲ ಅರಳಿಸಿ ಒಳಗೆ ನೀಲಿ ದೀಪ ಇಟ್ಟಿದ್ದಾರೆ. ನಮ್ಮ ಕೋಟೆಯೊಳಗೆ ಕಮಲ ಬಸದಿ ಇದೆ, 1204ರದು, ಚಾವಣಿಯಲ್ಲಿ ಕಲ್ಲಿನ ಕಮಲ. ನೋಡೀರೇನು ಎಂದು ಸೇಲ್ಸ್‌ಮನ್‌ಗೆ ಕೇಳಿದೆ. "ಲೈಟ್ ಐತೇನ್ರಿ ಅದಕ್ಕ?" ಅಂದ.

ಈ ಸಾಲಿನ ವಾಸ್ತುಶಿಲ್ಪವನ್ನು ದಿನಾ ನೋಡುವವು ಪಾರಿವಾಳ ಮಾತ್ರ. ಪತ್ರಾದ ಸಂದಿಯಲ್ಲಿ ಹೊಕ್ಕು ನವಿಲಿನ ಹೆಗಲ ಮೇಲೆ ಸಂಸಾರ ಹೂಡಿವೆ.

ಈ ಜುಲೈದಾಗ ನಮ್ಮೂರಿನ ಮಳೆ ಗೊತ್ತಲ್ಲ, ಅಡ್ಡಗಾಳಿ ಬೇರೆ. ಬೆಳಗಾಗುವುದರೊಳಗೆ ಕಿರಾಣಿ ಅಂಗಡಿಯ ಪತ್ರಾ ಅರ್ಧ ಕಿತ್ತು ರಸ್ತೆಗೆ ಜೋತುಬಿದ್ದಿತ್ತು. ಮಂದಿ ಛತ್ರಿ ಹಿಡಿದು ನಿಂತು ಮೇಲೆ ನೋಡುತ್ತಿದ್ದರು. ನವಿಲು ಕಂಡವು, ಒಂದಕ್ಕೆ ಕೊಕ್ಕಿಲ್ಲ. ಕತ್ತಲಲ್ಲಿ ಒಣಗಿದ ಅರಳಿ ಬೇರು ಹಕ್ಕಳೆಯಂತೆ ಉದುರಿ, ನಾಲ್ಕನೆಯ ಅಂಕಿಯೂ ಮಳೆಯಲ್ಲಿ ತೊಳೆದು ಚೊಕ್ಕಾಗಿ ಕಂಡಿತು. ಎಂಟು.

ಎದುರಿನವರು ಬಾಗಿಲಲ್ಲಿ ನಿಂತು ಎರಡೆರಡು ಸಲ ಓದಿದರು.

ಮೊಮ್ಮಗ ಕತ್ತೆತ್ತಿ ಗೋಡೆ ನೋಡಿದ, ಕೆಳಗಿಳಿಸಿ ಸ್ಟಿಕ್ಕರ್ ನೋಡಿದ. "ಗೋಡಿ ತಪ್ಪೈತ್ರಿ," ಎಂದ. ಸಂಜೆಯೊಳಗೆ ಹನ್ನೆರಡು ಸ್ಕ್ರೂ ಹೆಚ್ಚಿಗೆ ಹೊಡೆಸಿದ.