ಚರಂಡಿಯೇ ನಮ್ಮ ಗ್ಯಾಸ್ ಪ್ಲಾಂಟು

ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ಒಂದಿದೆ. ಹೋಟೆಲುಗಳಲ್ಲಿ ಮಿಕ್ಕ ಊಟವನ್ನು ಟ್ರಕ್ಕಿನಲ್ಲಿ ತರಿಸಿ, ಕೊಳಚೆಯ ಕೆಸರಿಗೆ ಬೆರೆಸಿ, ಗಾಳಿಯಾಡದ ಟ್ಯಾಂಕಿನಲ್ಲಿ ಕೊಳೆಸುತ್ತಾರೆ. ಬರೀ ಕೆಸರಿಗಿಂತ ಊಟ ಸೇರಿದರೆ ಗ್ಯಾಸು ಜಾಸ್ತಿ. ಅದರಿಂದ ಕರೆಂಟು. 2012ರಲ್ಲಿ ಆ ಘಟಕ ತಾನು ಬಳಸುವುದಕ್ಕಿಂತ ಹೆಚ್ಚು ಕರೆಂಟು ಮಾಡಿ, ಉತ್ತರ ಅಮೆರಿಕದಲ್ಲೇ ಮೊದಲನೆಯದು ಅಂತ ಶಹಭಾಸ್‌ಗಿರಿ ಗಿಟ್ಟಿಸಿತು.

ನಗು ಬರುತ್ತದೆ. ಅನ್ನವನ್ನೂ ಕೊಳಚೆಯನ್ನೂ ಬೆರೆಸುವುದಕ್ಕೆ ಟ್ರಕ್ಕು, ಪಂಪು, ಎಂಜಿನಿಯರು ಬೇಕೇ? ಹಾಸನದಲ್ಲಿ ಒಂದು ಡ್ರಮ್ಮು ಸಾಕು.

ಲಗ್ನದ ದಿನ ಊಟ ಮುಗಿಯುವ ಹೊತ್ತಿಗೆ ಯಾವುದಾದರೂ ಛತ್ರದ ಹಿಂಬಾಗಿಲಿಗೆ ಹೋಗಿ ನೋಡಿ. ಮಡಚಿದ ಎಲೆಯಿಂದ ಅರ್ಧ ಹೋಳಿಗೆ ಇಣುಕುತ್ತಿರುತ್ತದೆ. ಪಲಾವು, ಕೋಸಂಬರಿ, ಪಾಯಸ, ಮೇಲೊಂದಿಷ್ಟು ಪ್ಲಾಸ್ಟಿಕ್ ಲೋಟ, ಎಲ್ಲ ಒಂದೇ ಡ್ರಮ್ಮಿಗೆ. ಡ್ರಮ್ಮು ಸೀದಾ ಮೋರಿಗೆ. ಹಾಸನಾಂಬೆಗೆ ಇಟ್ಟ ನೈವೇದ್ಯ ವರ್ಷವಾದರೂ ಹಳಸುವುದಿಲ್ಲ ಅಂತ ಊರಿನ ನಂಬಿಕೆ. ಛತ್ರದ ಅನ್ನಕ್ಕೆ ಆ ಭಾಗ್ಯ ಎಲ್ಲಿ? ಸಂಜೆಗೇ ಹುಳಿ.

ಮೋರಿಯಿಂದ ರಾಜಕಾಲುವೆ, ಅಲ್ಲಿಂದ ಕೆರೆ. ಕೆರೆಯ ತಳದ ಕೆಸರಿನಲ್ಲಿ ಗಾಳಿ ಇಲ್ಲ, ಬ್ಯಾಕ್ಟೀರಿಯಾಗಳಿಗೆ ಭಾನುವಾರದ ರಜೆಯೂ ಇಲ್ಲ. ಗುಳುಗುಳು ಅಂತ ಗುಳ್ಳೆ ಏಳುತ್ತವೆ. ಮೀಥೇನು, ಓಕ್‌ಲ್ಯಾಂಡಿನವರು ಕರೆಂಟಿಗೆ ಉರಿಸುವ ಅದೇ ಗ್ಯಾಸು! ಟೆಂಡರ್ ಕರೆಯದೆ, ಗುದ್ದಲಿ ಪೂಜೆ ಮಾಡದೆ, ಸುಮ್ನೆ ನಡೆಯುತ್ತಿರುವ ಯೋಜನೆ ಇದೊಂದೇ ಇರಬೇಕು. ಕೊರತೆ ಅಂದರೆ ಮುಚ್ಚಳ ಮಾತ್ರ. ಅದಿಲ್ಲದೆ ಗ್ಯಾಸು ಆಕಾಶಕ್ಕೆ ಹೋಗಿ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಕಾಯಿಸುತ್ತದೆ. ಕೆಳಗೆ ನಾವು ಸಿಲಿಂಡರ್ ಬುಕ್ ಮಾಡಿ ಕಾಯುತ್ತೇವೆ.

(ಮುಚ್ಚಳ ಹಾಕುವುದು ನಮಗೆ ಗೊತ್ತಿಲ್ಲ ಅಂತಲ್ಲ. ಹಳ್ಳಿ ಮನೆಗಳ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿ ಇರುತ್ತಿತ್ತಲ್ವಾ? ಎಷ್ಟೋ ಕಡೆ ಈಗ ಗುಂಡಿಯಲ್ಲಿ ಕಪ್ಪೆಗಳು. ಮೇಲಿನ ಕಬ್ಬಿಣದ ಡ್ರಮ್ಮು ಗುಜರಿಗೆ.)

ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ 2016ರ ನಿಯಮ ಹೇಳಿತು. ಮಾಡುತ್ತೇವೆ. ಹಸಿರು ಬಕೆಟ್, ನೀಲಿ ಬಕೆಟ್, ಎರಡೂ ಗೇಟಿನ ಮುಂದೆ ಜೋಡಿಯಾಗಿ ನಿಂತಿರುತ್ತವೆ. ಹಾಡು ಹಾಕಿಕೊಂಡು ಬರುವ ಗಾಡಿ ಎರಡನ್ನೂ ಒಂದೇ ಹೊಟ್ಟೆಗೆ ಸುರಿದುಕೊಳ್ಳುತ್ತದೆ. ಗ್ಯಾಸ್ ಟ್ಯಾಂಕಿಗೆ ಹೋಳಿಗೆ ಜೀರ್ಣವಾಗುತ್ತದೆ, ಶಾಂಪೂ ಪೌಚು ಆಗುವುದಿಲ್ಲ.

ಇಂದೋರಿನಲ್ಲಿ ದಿನಕ್ಕೆ 550 ಟನ್ ಹಸಿ ಕಸ ಅರಗಿಸಿ ಗ್ಯಾಸು ಮಾಡುವ ಘಟಕ 2022ರಲ್ಲಿ ಶುರುವಾಯಿತು. ಅಲ್ಲಿ ಮನೆಯಲ್ಲೇ ಬೇರೆ ಮಾಡಿದ ಕಸ ಬೇರೆಯಾಗಿಯೇ ಹೋಗುತ್ತದೆ. ನಮ್ಮೂರಿಂದಲೂ ಒಂದು ಅಧ್ಯಯನ ಪ್ರವಾಸ ಹೊರಡಲಿ ಅಂತ ನನ್ನ ಸಲಹೆ. ಇಂದೋರಿನ ಪೋಹಾ, ಜಿಲೇಬಿ ಬಹಳ ಹೆಸರುವಾಸಿ. ತಿಂದು ಮಿಕ್ಕಿದ್ದನ್ನು ಯಾವ ಬಕೆಟ್ಟಿಗೆ ಹಾಕಬೇಕು ಅಂತ ಅವರೇ ಹೇಳಿಕೊಡುತ್ತಾರೆ.